ಇಪ್ಪತ್ತು ಚಿತ್ರಗಳ ಒಂದು ಸಂಜೆ ನಮ್ಮ ಮೊಹಲ್ಲಾಕ್ಕೂ ಬೇಕು

ನಮ್ಮ ಊರುಗಳಲ್ಲಿ ಆರೋಗ್ಯ ಜಾಗೃತಿ ಕಾರ್ಯಕ್ರಮ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಶಾದಿ ಮಹಲ್‌ನ ಬಾಗಿಲಿಗೆ ಬ್ಯಾನರ್ ಕಟ್ಟುತ್ತಾರೆ. ಅದರಲ್ಲಿ ಕಾಯಿಲೆಯ ಹೆಸರಿಗಿಂತ ಅತಿಥಿಗಳ ಭಾವಚಿತ್ರಗಳೇ ದೊಡ್ಡದಾಗಿರುತ್ತವೆ. ಐದು ಗಂಟೆಯ ಕಾರ್ಯಕ್ರಮ ಆರೂವರೆಗೆ ಆರಂಭವಾಗುತ್ತದೆ. ಕಿರಾಅತ್, ಸ್ವಾಗತ, ಶಾಲು, ಹಾರ, ಎರಡು ಮಾತು ಎಂದು ಎದ್ದು ಇಪ್ಪತ್ತು ನಿಮಿಷ ಮಾತನಾಡುವ ಗಣ್ಯರು. ವೈದ್ಯರ ಕೈಗೆ ಮೈಕ್ ಸಿಗುವ ಹೊತ್ತಿಗೆ ಮಕ್ಕಳು ಅಳತೊಡಗಿರುತ್ತವೆ, ರಾತ್ರಿಯ ಅಡುಗೆ ನೆನಪಾಗಿ ಅರ್ಧದಷ್ಟು ಹೆಂಗಸರು ಎದ್ದಿರುತ್ತಾರೆ. ವೈದ್ಯರೂ ಸಿಕ್ಕಿದ ಅವಕಾಶ ಬಿಡುವುದಿಲ್ಲ, ಮುಕ್ಕಾಲು ಗಂಟೆ ಮಾತನಾಡುತ್ತಾರೆ. ಮರುದಿನ ಏನು ಹೇಳಿದರು ಎಂದು ಕೇಳಿದರೆ, "ಚೆನ್ನಾಗಿ ಹೇಳಿದರು" ಎಂಬ ಉತ್ತರ ಸಿಗುತ್ತದೆ. ಏನು ಹೇಳಿದರು ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಇದರಲ್ಲಿ ಕೇಳುಗರ ತಪ್ಪಿಲ್ಲ. ದಿನವಿಡೀ ದುಡಿದು ಬಂದ ದೇಹಕ್ಕೆ ದೀರ್ಘ ಭಾಷಣವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಆದ್ದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ನಮ್ಮ ಜಮಾಅತ್‌ಗಳ ಮುಂದೆ ಒಂದು ಸಲಹೆ ಇಡುತ್ತಿದ್ದೇನೆ. ಭಾಷಣದ ಜಾಗದಲ್ಲಿ ಚಿತ್ರಗಳನ್ನು ಇಡೋಣ. ವೇದಿಕೆಯ ಮೇಲೆ ವೈದ್ಯರ ಬದಲು ನಿಮ್ಮನ್ನು ನಿಲ್ಲಿಸೋಣ.

ಆರು ನಿಮಿಷ ನಲವತ್ತು ಸೆಕೆಂಡು

2003ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಒಂದು ಹೊಸ ಬಗೆಯ ಸಂಜೆಯನ್ನು ಆರಂಭಿಸಿದರು. ಮಾತನಾಡುವವರು ಇಪ್ಪತ್ತು ಚಿತ್ರಗಳನ್ನು ತರಬೇಕು. ಒಂದೊಂದು ಚಿತ್ರ ಪರದೆಯ ಮೇಲೆ ಇಪ್ಪತ್ತು ಸೆಕೆಂಡು ಮಾತ್ರ ಇರುತ್ತದೆ, ಆಮೇಲೆ ತಾನಾಗಿಯೇ ಮುಂದಿನದು ಬರುತ್ತದೆ. ಒಟ್ಟು ಆರು ನಿಮಿಷ ನಲವತ್ತು ಸೆಕೆಂಡು. ಅಷ್ಟರೊಳಗೆ ಮಾತು ಮುಗಿಯಬೇಕು, ಇನ್ನೊಬ್ಬರಿಗೆ ಜಾಗ ಬಿಡಬೇಕು. ಇದಕ್ಕೆ ಪೆಚಾ ಕುಚಾ ಎಂದು ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಹಾಗೆಂದರೆ ಹರಟೆ. ಮೈಕ್ ಸಿಕ್ಕರೆ ವಾಸ್ತುಶಿಲ್ಪಿಗಳು ಮಾತು ನಿಲ್ಲಿಸುವುದಿಲ್ಲ ಎಂಬುದೇ ಈ ನಿಯಮಕ್ಕೆ ಕಾರಣವಾಗಿತ್ತು. ಈ ದೂರು ವೈದ್ಯರ ಮೇಲೂ ಇದೆ ಎಂಬುದನ್ನು ನಾನು ಬಲ್ಲೆ. ಇಂದು ಪ್ರಪಂಚದ ಸಾವಿರಕ್ಕೂ ಹೆಚ್ಚು ನಗರಗಳಿಗೆ ಈ ಪದ್ಧತಿ ಹರಡಿದೆ.

ಈ ಲೆಕ್ಕ ನಮಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಆರು ಮಂದಿ ಮಾತನಾಡಿದರೆ ಸರಿಯಾಗಿ ನಲವತ್ತು ನಿಮಿಷ. ನಮ್ಮ ಕಡೆ ಮಗ್ರಿಬ್ ಮತ್ತು ಇಶಾದ ನಡುವೆ ಸುಮಾರು ಒಂದೂಕಾಲು ಗಂಟೆ ಬಿಡುವಿರುತ್ತದೆ. ನಮಾಝ್ ಮುಗಿಸಿ ಬಂದು, ಆರು ಜನರ ಮಾತು ಕೇಳಿ, ಒಂದು ಲೋಟ ಚಹಾ ಕುಡಿದು, ನಾಲ್ಕು ಪ್ರಶ್ನೆ ಕೇಳಿ ಇಶಾದ ಅಝಾನ್‌ಗೆ ಎದ್ದು ಹೋಗಬಹುದು. ಊಟದ ಏರ್ಪಾಡು ಬೇಡ, ಶಾಲು ಹಾರ ಬೇಡ. ಒಂದು ಬಿಳಿ ಗೋಡೆ ಅಥವಾ ಬಿಳಿ ಬೆಡ್‌ಶೀಟ್, ಶಾಲೆಯಿಂದ ಕೇಳಿ ತಂದ ಪ್ರೊಜೆಕ್ಟರ್, ಚಿತ್ರ ತೆಗೆಯಲು ಮೊಬೈಲ್. ಇಷ್ಟು ಸಾಕು.

ಇದು ನಮಗೆ ಹೊಸತಲ್ಲ

ವಿದೇಶದ ಫ್ಯಾಷನ್ ನಮಗೇಕೆ ಎಂದು ಕೆಲವರು ಕೇಳಬಹುದು. ಯುನಾನಿ ಓದಿದವನಾಗಿ ನಾನು ಬೇರೆ ಮಾತು ಹೇಳುತ್ತೇನೆ. ಹನ್ನೊಂದನೇ ಶತಮಾನದಲ್ಲಿ ಬಗ್ದಾದಿನಲ್ಲಿ ಇಬ್ನ್ ಬುತ್‌ಲಾನ್ ಎಂಬ ಕ್ರೈಸ್ತ ವೈದ್ಯರಿದ್ದರು. ಅವರು ಅರಬಿಯಲ್ಲಿ 'ತಕ್ವೀಮುಸ್ಸಿಹ್ಹಾ' ಎಂಬ ಗ್ರಂಥ ಬರೆದರು. ಆರೋಗ್ಯದ ವಿಷಯವನ್ನು ಪುಟಗಟ್ಟಲೆ ವಿವರಿಸದೆ, ಪಂಚಾಂಗದಂತೆ ಕೋಷ್ಟಕಗಳಲ್ಲಿ ಜೋಡಿಸಿದರು. ಒಂದು ಪದಾರ್ಥ, ಅದರ ಗುಣ, ಅದರ ಲಾಭ, ಅದರ ಹಾನಿ, ಆ ಹಾನಿಯನ್ನು ತಡೆಯುವ ಬಗೆ. ಒಂದು ಸಾಲಿನಲ್ಲಿ ಇಷ್ಟೇ. ಮುಂದೆ ಅದು ಲ್ಯಾಟಿನ್ ಭಾಷೆಗೆ ಹೋಯಿತು. ಹದಿನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಉತ್ತರ ಇಟಲಿಯ ಕಲಾವಿದರು ಅದರ ಪ್ರತಿ ವಿಷಯಕ್ಕೂ ಪುಟ ತುಂಬುವ ಒಂದು ಚಿತ್ರ ಬರೆದು, ಕೆಳಗೆ ಎರಡು ಮೂರು ಸಾಲು ಮಾತ್ರ ಇಟ್ಟರು. ಒಂದು ಚಿತ್ರ, ನಾಲ್ಕು ಮಾತು. ಟೋಕಿಯೋದವರ ನಿಯಮ ನಮ್ಮ ವೈದ್ಯಪರಂಪರೆಗೆ ಅಪರಿಚಿತವೇನಲ್ಲ.

ಆ ಗ್ರಂಥದ ತಳಹದಿ ನಾವು ಇಂದಿಗೂ ಕಲಿಯುವ 'ಅಸ್ಬಾಬ್-ಎ-ಸಿತ್ತಾ ಝರೂರಿಯಾ', ಅಂದರೆ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳು: ಗಾಳಿ, ಅನ್ನ ಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಇವುಗಳಲ್ಲಿ ಯಾವುದೂ ಔಷಧಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಎಲ್ಲವೂ ನಿಮ್ಮ ಮನೆ, ಬೀದಿ, ಕೆಲಸದ ಜಾಗದಲ್ಲಿವೆ. ಆದ್ದರಿಂದ ಅವುಗಳ ಚಿತ್ರ ತೆಗೆಯುವ ಅವಕಾಶ ಇರುವುದು ನಿಮಗೆ.

ಸಂಜೆಯ ಸಾರ್ವಜನಿಕ ಮಾತು ನಮ್ಮ ಈ ಮಣ್ಣಿಗೂ ಹೊಸತಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಾರವಾರವೂ ಜನಸಾಮಾನ್ಯರಿಗಾಗಿ ವಿಜ್ಞಾನದ ಉಪನ್ಯಾಸ ಏರ್ಪಡಿಸಿದರು. ಚಿತ್ರದ ಬಲ ತಿಳಿಯಬೇಕೆಂದರೆ ಅದೇ ತಾಲೂಕಿನ ವಿದುರಾಶ್ವತ್ಥಕ್ಕೆ ಹೋಗಿ ಬನ್ನಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರ್ ಪಾಠಪುಸ್ತಕದಲ್ಲಿ ಓದಿದಾಗ ಮಕ್ಕಳಿಗೆ ಒಂದು ದಿನಾಂಕ ಮಾತ್ರ. ವೀರಸೌಧದ ಚಿತ್ರಗಳ ಮುಂದೆ ನಡೆದಾಗ ಅವರೇ ಪ್ರಶ್ನೆ ಕೇಳತೊಡಗುತ್ತಾರೆ.

ನಾಲ್ಕು ಊರು, ನಾಲ್ಕು ವಿಷಯ

ಏನನ್ನು ತೋರಿಸಬೇಕು ಎಂಬುದಕ್ಕೆ ಒಂದೊಂದು ಊರಿನಿಂದ ಒಂದೊಂದು ಉದಾಹರಣೆ ಕೊಡುತ್ತೇನೆ.

ಶಿಡ್ಲಘಟ್ಟದಿಂದ ಆರಂಭಿಸೋಣ. ರೇಷ್ಮೆ ನೂಲು ಬಿಚ್ಚಾಣಿಕೆ ಅಲ್ಲಿನ ಎಷ್ಟೋ ಮುಸ್ಲಿಂ ಮನೆಗಳ ಅನ್ನ. ಗೂಡು ಬೇಯಿಸುವ ಹಬೆ, ಸೌದೆಯ ಹೊಗೆ, ಸತ್ತ ಹುಳುವಿನ ವಾಸನೆ, ಬಿಸಿನೀರಿನಲ್ಲಿ ಗಂಟೆಗಟ್ಟಲೆ ಅದ್ದಿದ ಬೆರಳುಗಳು. ಚರ್ಮ ಬೆಳ್ಳಗಾಗಿ ಸುಲಿಯುತ್ತದೆ, ಬೆರಳುಗಳ ಸಂದಿಯಲ್ಲಿ ಬಿರುಕು ಬಿಟ್ಟು ಸೋಂಕು ತಗಲುತ್ತದೆ. ಗೂಡಿನ ಮತ್ತು ಹುಳುವಿನ ಪ್ರೋಟೀನಿನ ಅಲರ್ಜಿಯಿಂದ ಕೆಲವರಿಗೆ ಉಬ್ಬಸ ಬರುತ್ತದೆ. ಇದನ್ನು ಗುರುತಿಸಲು ಒಂದು ಸುಲಭ ಸುಳಿವಿದೆ. ಕೆಲಸದ ದಿನಗಳಲ್ಲಿ ಕೆಮ್ಮು, ಎದೆ ಬಿಗಿತ ಹೆಚ್ಚಾಗಿ, ರಜೆಯಲ್ಲಿ ಅಥವಾ ತವರಿಗೆ ಹೋದಾಗ ಕಡಿಮೆಯಾದರೆ, ಕಾರಣ ಕೆಲಸದ ಜಾಗದಲ್ಲಿರಬಹುದು. ಈ ಒಂದು ಮಾತನ್ನು ನಾನು ಹೇಳಿದರೆ ಸಲಹೆಯಾಗುತ್ತದೆ. ಇಪ್ಪತ್ತು ವರ್ಷ ಬಿಚ್ಚಾಣಿಕೆ ಮಾಡಿದ ಒಬ್ಬ ಖಾಲಾ ತನ್ನ ಎರಡೂ ಅಂಗೈಗಳ ಚಿತ್ರ ಪರದೆಯ ಮೇಲಿಟ್ಟು ಹೇಳಿದರೆ ಪಕ್ಕದ ಮನೆಯ ಹುಡುಗಿ ಮರುದಿನವೇ ವೈದ್ಯರ ಬಳಿ ಹೋಗುತ್ತಾಳೆ. ಫಿಲೇಚರ್ ನಡೆಸುವ ಮಾಲೀಕರೂ ಅದೇ ಸಭೆಯಲ್ಲಿ ಕುಳಿತಿರುತ್ತಾರೆ. ಹಬೆ ಹೊರಹೋಗಲು ಒಂದು ಕಿಟಕಿ, ಒಂದು ಎಕ್ಸಾಸ್ಟ್ ಫ್ಯಾನ್, ಕೈ ಒರೆಸಲು ಒಣಬಟ್ಟೆ ಇಡಬೇಕಾದವರು ಅವರೇ.

ಗೌರಿಬಿದನೂರಿನ ವಿಷಯ ನೀರು. ಉತ್ತರ ಪಿನಾಕಿನಿ ಊರಿನ ಪಕ್ಕದಲ್ಲೇ ಇದ್ದರೂ ನಾವು ಕುಡಿಯುವುದು ಕೊಳವೆಬಾವಿಯ ನೀರು. ಸಾವಿರ ಅಡಿಗೂ ಮೀರಿ ಕೊರೆದಿರುವ ಬಾವಿಗಳಿವೆ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಮಿತಿ ಮೀರಿದೆ. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದಾಗ ಹೆಚ್ಚೆಂದರೆ 1.5 ಮಿಲಿಗ್ರಾಂ ಎನ್ನುತ್ತದೆ ಭಾರತೀಯ ಮಾನಕ. ಮಕ್ಕಳಿಗೆ ಎಂಟು ವರ್ಷ ತುಂಬುವವರೆಗೆ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುತ್ತವೆ. ಆಗ ಕುಡಿದ ನೀರಿನ ಗುರುತು ಮುಂದೆ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಪಟ್ಟೆಗಳಾಗಿ ಉಳಿದುಬಿಡುತ್ತದೆ. ಎಷ್ಟೋ ತಾಯಂದಿರು "ಸರಿಯಾಗಿ ಹಲ್ಲುಜ್ಜುವುದಿಲ್ಲ" ಎಂದು ಮಗುವನ್ನೇ ಬೈಯುತ್ತಾರೆ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಹಲ್ಲು ನೋಡಿ "ಖಾಂದಾನಿನ ದೋಷ" ಎನ್ನುವವರೂ ಇದ್ದಾರೆ. ಇದು ಮಗುವಿನ ಸೋಮಾರಿತನವೂ ಅಲ್ಲ, ವಂಶದ ದೋಷವೂ ಅಲ್ಲ. ಅದೇ ನೀರನ್ನು ಹತ್ತಾರು ವರ್ಷ ಕುಡಿದ ಹಿರಿಯರಲ್ಲಿ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುವುದಕ್ಕೂ ಫ್ಲೋರೈಡ್ ಕಾರಣವಾಗಬಹುದು.

ಇಲ್ಲಿ ಚಿತ್ರಗಳು ಹೀಗೆ ಸಾಗಬಹುದು: ಕೊಳವೆಬಾವಿ, ಟ್ಯಾಂಕ್, ನಲ್ಲಿ, ಕೊಡ, ಅಡುಗೆಮನೆ. ನಂತರ ಒಲೆಯ ಮೇಲೆ ಕುದಿಯುವ ನೀರು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಮುಂದಿನ ಚಿತ್ರ ಬೀದಿಯ ಶುದ್ಧ ಕುಡಿಯುವ ನೀರಿನ ಘಟಕದ್ದು. ಕುಡಿಯಲು ಕ್ಯಾನ್ ನೀರು ತಂದು, ಅನ್ನ ಸಾರಿಗೆ ನಲ್ಲಿಯ ನೀರನ್ನೇ ಹಾಕುವ ಮನೆಗಳು ಬಹಳ. ಅಡುಗೆಗೂ ಒಳ್ಳೆಯ ನೀರೇ ಬೇಕು. ಛಾವಣಿಯ ಮಳೆನೀರನ್ನು ಶುಚಿಯಾಗಿ ಹಿಡಿದು ಸೋಸಿ ಕುದಿಸಿ ಬಳಸಿದರೆ ಫ್ಲೋರೈಡ್‌ನ ಭಯವಿಲ್ಲ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ಅಂಥ ಸಹೋದರಿಯೊಬ್ಬರು ನಿಮ್ಮ ಬೀದಿಯ ನೀರನ್ನು ನಿಮ್ಮೆದುರೇ ಪರೀಕ್ಷಿಸಿ ತೋರಿಸಲಿ.

ಚಿಂತಾಮಣಿ ವ್ಯಾಪಾರದ ಊರು. ಬೆಳಗಿನಿಂದ ರಾತ್ರಿಯವರೆಗೆ ಅಂಗಡಿ, ಮಂಡಿಯಲ್ಲಿ ಕುಳಿತು, ಗಿರಾಕಿಯ ಜೊತೆ ಹತ್ತು ಬಾರಿ ಸಕ್ಕರೆ ಚಹಾ ಕುಡಿಯುವವರು ನಮ್ಮಲ್ಲಿ ಅನೇಕರು. ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ಅಲ್ಲಿ ಒಬ್ಬರು ಪಾದದ ಬಗ್ಗೆ ಮಾತ್ರ ಆರು ನಿಮಿಷ ಮಾತನಾಡಲಿ. ಸಕ್ಕರೆ ಕಾಯಿಲೆಯಲ್ಲಿ ನರಗಳು ದುರ್ಬಲಗೊಂಡು ಕಾಲಿನ ಸ್ಪರ್ಶ ತಪ್ಪುತ್ತದೆ. ಮುಳ್ಳು ಚುಚ್ಚಿದರೂ ನೋವಿರುವುದಿಲ್ಲ. ಗಾಯ ಕೊಳೆತ ಮೇಲೆ ಮನೆಯವರಿಗೆ ವಾಸನೆ ಬರುತ್ತದೆ. ನಮ್ಮ ಪಾದಗಳು ದಿನಕ್ಕೆ ಐದು ಬಾರಿ ವುಝೂ ಹೊತ್ತಿನಲ್ಲಿ ನಮ್ಮ ಕೈಗೇ ಬರುತ್ತವೆ. ಬೆರಳುಗಳ ಸಂದಿಯಲ್ಲಿ ಕೈಯಾಡಿಸುವಾಗ ಒಮ್ಮೆ ಕಣ್ಣನ್ನೂ ಹಾಯಿಸಿ. ಬಿರುಕು, ಗುಳ್ಳೆ, ಬಣ್ಣದ ಬದಲಾವಣೆ ಕಂಡರೆ ಅಂದೇ ತೋರಿಸಿ. ತೊಳೆದ ಮೇಲೆ ಸಂದಿಗಳನ್ನು ಒಣಗಿಸಿ. ವುಝೂಖಾನೆಯ ಗೋಡೆಗೆ ಒಂದು ಕನ್ನಡಿಯನ್ನು ಕೆಳಮಟ್ಟದಲ್ಲಿ ಹಾಕಿಸಿದರೆ ಬಗ್ಗಲಾಗದ ಹಿರಿಯರೂ ಅಂಗಾಲು ನೋಡಿಕೊಳ್ಳಬಹುದು. ಇದಕ್ಕೆ ಯಾವ ಯಂತ್ರವೂ ಬೇಡ.

ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಮತ್ತು ಹೂವಿನ ತೋಟಗಳು. ಔಷಧಿ ಸಿಂಪಡಿಸಿ ಬಂದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುವ ತಂದೆ, ಆ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆಗೇ ನೆನೆಸುವ ತಾಯಿ, ಕೀಟನಾಶಕದ ಖಾಲಿ ಡಬ್ಬವನ್ನು ತೊಳೆದು ನೀರು ಹಿಡಿಯಲು ಇಟ್ಟುಕೊಳ್ಳುವ ಅಜ್ಜಿ. ಮೂರೂ ಅಪಾಯ. ತೋಟದಲ್ಲಿ ದುಡಿಯುವ ಹುಡುಗನೊಬ್ಬ ತನ್ನ ಒಂದು ದಿನವನ್ನು ಇಪ್ಪತ್ತು ಚಿತ್ರಗಳಲ್ಲಿ ತೋರಿಸಿದರೆ, ಎಲ್ಲಿ ಕೈ ತೊಳೆಯಬೇಕಿತ್ತು, ಎಲ್ಲಿ ಬಟ್ಟೆ ಬದಲಿಸಬೇಕಿತ್ತು ಎಂಬುದನ್ನು ಸಭೆಯೇ ಎದ್ದು ಹೇಳುತ್ತದೆ.

ಕೆಲವು ಕಟ್ಟುಪಾಡು ಬೇಕು

ಇಂಥ ಸಂಜೆಗಳು ಹಾಳಾಗದಿರಲು ನಾಲ್ಕು ನಿಯಮಗಳನ್ನು ಬಿಗಿಯಾಗಿ ಪಾಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು, ರೋಗಿಯ ಮಾನ. ಯಾರದೇ ಮುಖ, ಹೆಸರು, ಆಸ್ಪತ್ರೆಯ ಚೀಟಿ ಪರದೆಯ ಮೇಲೆ ಬರಬಾರದು. ಕೈ, ಪಾದ, ಕೊಡ, ಒಲೆ, ನಲ್ಲಿ, ಬೀದಿ ಸಾಕು. ಹಲ್ಲನ್ನು ತೋರಿಸಬೇಕಾದರೆ ಮಗುವಿನ ಫೋಟೋ ಬೇಡ, ಬಿಡಿಸಿದ ಚಿತ್ರವಿರಲಿ. ಜೀವಿಗಳ ಚಿತ್ರದ ಬಗ್ಗೆ ಸಂಕೋಚವಿರುವ ಹಿರಿಯರಿಗೂ ಇದರಿಂದ ಸಮಾಧಾನವಾಗುತ್ತದೆ. ಕಾರ್ಯಕ್ರಮವನ್ನು ನಮಾಝಿನ ಸ್ಥಳದಲ್ಲಿ ಇಡದೆ ಶಾದಿ ಮಹಲ್ ಅಥವಾ ಶಾಲೆಯಲ್ಲಿ ಇಟ್ಟರೆ ತಕರಾರೇ ಏಳುವುದಿಲ್ಲ.

ಎರಡನೆಯದು, ಹೆದರಿಸುವ ಚಿತ್ರಗಳು ಬೇಡ. ಕೊಳೆತ ಕಾಲು, ಕಪ್ಪಾದ ಶ್ವಾಸಕೋಶ ತೋರಿಸಿದರೆ ಜನ ಬದಲಾಗುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಹೆದರಿದವರು ಮುಖ ತಿರುಗಿಸುತ್ತಾರೆ, ಪರೀಕ್ಷೆ ಮಾಡಿಸಿಕೊಳ್ಳುವುದನ್ನೇ ಮುಂದೂಡುತ್ತಾರೆ. ಕೊನೆಯ ಐದು ಚಿತ್ರಗಳಾದರೂ ನಾಳೆ ಬೆಳಿಗ್ಗೆ ಮಾಡಬಹುದಾದ ಕೆಲಸದ್ದಾಗಿರಲಿ.

ಮೂರನೆಯದು, ವೇದಿಕೆಯಿಂದ ಏನನ್ನೂ ಮಾರಬಾರದು. ಪೌಷ್ಟಿಕ ಪುಡಿ, ನೀರಿನ ಫಿಲ್ಟರ್, ಮಾಜೂನ್, ಶರಬತ್ತು ಯಾವುದೂ ಬೇಡ. ಈ ನಿಯಮ ಹಕೀಮರಿಗೂ ಅನ್ವಯಿಸಲಿ, ನನಗೂ ಅನ್ವಯಿಸಲಿ. ಔಷಧಿಯ ಹೆಸರನ್ನೂ ಹೇಳುವುದು ಬೇಡ. ಪರದೆ ನೋಡಿ ಯಾರೂ ತಮ್ಮ ಇನ್‌ಹೇಲರ್ ಬಿಡಬಾರದು, ಇನ್ಸುಲಿನ್ ನಿಲ್ಲಿಸಬಾರದು. ಔಷಧಿ ಒಬ್ಬೊಬ್ಬರ ಮಿಝಾಜ್ ಮತ್ತು ಕಾಯಿಲೆ ನೋಡಿ ಕೊಡುವಂಥದ್ದು, ಸಭೆಗೆಲ್ಲ ಹಂಚುವಂಥದ್ದಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹೆಂಗಸರಿಗೆ ಪರದೆ ಕಾಣಬೇಕು. ನಮ್ಮ ಬಹುಪಾಲು ಸಭೆಗಳಲ್ಲಿ ಹೆಂಗಸರು ಮೇಲಿನ ಗ್ಯಾಲರಿಯಲ್ಲಿ, ಧ್ವನಿವರ್ಧಕದ ಸದ್ದಷ್ಟೇ ಕೇಳಿಸುವ ಕಡೆ ಕುಳಿತಿರುತ್ತಾರೆ. ಭಾಷಣಕ್ಕೆ ಅದು ನಡೆಯುತ್ತಿತ್ತು, ಚಿತ್ರಕ್ಕೆ ನಡೆಯದು. ನೀರು ಹಿಡಿಯುವವರು, ಅಡುಗೆ ಮಾಡುವವರು, ಮಕ್ಕಳ ಹಲ್ಲು ನೋಡುವವರು, ಬಿಸಿನೀರಿನಲ್ಲಿ ಕೈಯಿಡುವವರು ಅವರೇ. ಸಭಾಂಗಣದ ಒಂದು ಅರ್ಧ ಅವರಿಗಿರಲಿ, ಪರದೆ ಎರಡೂ ಕಡೆಗೆ ಕಾಣುವಂತಿರಲಿ. ಆರು ಮಂದಿಯಲ್ಲಿ ಕನಿಷ್ಠ ಮೂವರು ಮಹಿಳೆಯರು ಮಾತನಾಡಲಿ. ಎದ್ದು ನಿಲ್ಲಲು ಸಂಕೋಚವಿದ್ದರೆ ಕುಳಿತಲ್ಲಿಂದಲೇ ಮೈಕ್ ಹಿಡಿದು ಮಾತನಾಡಲಿ. ಚಿತ್ರ ಮುಂದೆ ಇರುತ್ತದೆ, ನೋಟವೆಲ್ಲ ಅದರ ಮೇಲಿರುತ್ತದೆ. ದಖನಿಯಲ್ಲಾಗಲಿ, ಕನ್ನಡದಲ್ಲಾಗಲಿ, ತೆಲುಗಿನಲ್ಲಾಗಲಿ, ಮನೆಯಲ್ಲಿ ಆಡುವ ಮಾತೇ ಇರಲಿ.

ಆರು ನಿಮಿಷ ಸಾಕೇ?

ನನ್ನ ಸಹವೈದ್ಯರು ಕೇಳುವ ಪ್ರಶ್ನೆ ಇದು. ವೈದ್ಯಶಾಸ್ತ್ರವನ್ನು ಆರು ನಿಮಿಷಕ್ಕೆ ಇಳಿಸಿದರೆ ಅರ್ಧ ತಿಳಿವಳಿಕೆಯಾಗಿ ಅಪಾಯವಾಗದೇ ಎಂಬ ಆತಂಕ ಅವರದು. ಆತಂಕ ಸರಿಯಾದದ್ದೇ. ಆದರೆ ಅರ್ಧ ತಿಳಿವಳಿಕೆ ಈಗಾಗಲೇ ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಮನೆ ಮನೆಗೂ ಬರುತ್ತಿದೆ. ಅದನ್ನು ಬರೆದವರು ಯಾರು ಎಂಬುದು ಯಾರಿಗೂ ತಿಳಿಯದು, ತಿರುಗಿ ಪ್ರಶ್ನೆ ಕೇಳಲು ದಾರಿಯೂ ಇಲ್ಲ. ಇಲ್ಲಿ ಹಾಗಲ್ಲ. ಮಾತನಾಡಿದವರು ನಿಮ್ಮ ಬೀದಿಯವರು, ನಾಳೆಯೂ ಸಿಗುತ್ತಾರೆ. ಸಭೆಯಲ್ಲಿ ಒಬ್ಬ ವೈದ್ಯರು ಕೇಳುಗರಾಗಿ ಕುಳಿತಿರಲಿ. ಚಿತ್ರಗಳನ್ನು ಹಿಂದಿನ ದಿನವೇ ನೋಡಿ ತಪ್ಪಿದ್ದರೆ ತಿದ್ದಲಿ, ಕೊನೆಯಲ್ಲಿ ಪ್ರಶ್ನೆಗೆ ಉತ್ತರಿಸಲಿ. ಅಲ್ಲೋಪಥಿ, ಯುನಾನಿ, ಆಯುರ್ವೇದ ಯಾರಾದರೂ ಸರಿ. ಈ ಸಂಜೆ ಚಿಕಿತ್ಸೆಗಾಗಿ ಅಲ್ಲ. "ನನ್ನ ಮನೆಯಲ್ಲೂ ಹೀಗೇ ಇದೆಯಲ್ಲ" ಎಂಬ ಒಂದು ಪ್ರಶ್ನೆ ಹೊತ್ತು ಜನ ಮನೆಗೆ ಹೋದರೆ ಅಷ್ಟೇ ಸಾಕು. ಉಳಿದದ್ದು ದವಾಖಾನೆಯಲ್ಲಿ ಆಗುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಬಹಳಷ್ಟು ಕಾಯಿಲೆಗಳು ನಮ್ಮಲ್ಲಿಗೆ ತಡವಾಗಿ ಬರುತ್ತವೆ. ಉಬ್ಬಸ ಮೆಟ್ಟಿಲು ಹತ್ತಲಾಗದಷ್ಟು ಬೆಳೆದ ಮೇಲೆ, ಪಾದದ ಗಾಯ ಮೂಳೆ ಮುಟ್ಟಿದ ಮೇಲೆ, ಹಲ್ಲಿನ ಕಲೆ ಮದುವೆಗೆ ಅಡ್ಡಿಯಾದ ಮೇಲೆ. ಆಗ ನಬ್ಝ್ ಹಿಡಿದು ಮಾಡಬಹುದಾದದ್ದು ಕಡಿಮೆ. ಹತ್ತು ವರ್ಷ ಮೊದಲು ಒಂದು ಕೊಡ ಬದಲಾಗಿದ್ದರೆ, ಒಂದು ಕಿಟಕಿ ತೆರೆದಿದ್ದರೆ ಆ ಮನೆಯವರ ಕಥೆ ಬೇರೆಯಾಗುತ್ತಿತ್ತು.

ಮುಂದಿನ ಜುಮಾದಂದು ನಮಾಝ್ ಮುಗಿದ ಮೇಲೆ ನಿಮ್ಮ ಮುತವಲ್ಲಿ ಸಾಹೇಬರ ಬಳಿ ಎರಡು ನಿಮಿಷ ನಿಂತು ಒಂದು ಸಂಜೆ ಕೇಳಿ ನೋಡಿ. ಮೊದಲ ಬಾರಿಗೆ ಆರು ಮಂದಿ ಸಿಗದಿದ್ದರೆ ಮೂವರು ಸಾಕು, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಮದ್ರಸದ ದೊಡ್ಡ ಮಕ್ಕಳಿಗೆ ಪ್ರೊಜೆಕ್ಟರ್ ಮತ್ತು ಗಡಿಯಾರದ ಹೊಣೆ ವಹಿಸಿ. ಮೈಕ್ ಬಿಡದ ಹಿರಿಯರನ್ನು ನಗುತ್ತಲೇ ನಿಲ್ಲಿಸುವ ಕಲೆ ಅವರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಅಮ್ಮಿಯನ್ನೋ, ಆಪಾಳನ್ನೋ ಮೊದಲ ಭಾಷಣಕಾರರನ್ನಾಗಿ ಒಪ್ಪಿಸಿ. ಇಂದೇ ನಿಮ್ಮ ಅಡುಗೆಮನೆಯ ನೀರಿನ ಕೊಡದ ಒಂದು ಚಿತ್ರ ತೆಗೆದಿಡಿ. ಇನ್ನು ಹತ್ತೊಂಬತ್ತು ಉಳಿದವು.